‘ಇನ್ ಯುಟೆರೋ’ ಕೇಳೋವಾಗ ಮೊದ್ಲು ಡ್ರಮ್ಸ್ ಕೇಳಿ

ರೆಕಾರ್ಡಿಂಗ್ ಕಲೀತಿರೋರು ಗ್ರಂಜ್ ಅನ್ನೋ ಒರಟು ರಾಕ್ ಸಂಗೀತದಲ್ಲಿ ಒಂದೇ ಒಂದು ಆಲ್ಬಮ್ ಹೇಳಿ ಅಂದ್ರೆ ನಾನು ನಿರ್ವಾಣ ಬ್ಯಾಂಡ್‌ನ ‘ಇನ್ ಯುಟೆರೋ’ನೇ ಹೇಳೋದು, ಅವ್ರದೇ ಹಿಂದಿನ ಆಲ್ಬಮ್ ‘ನೆವರ್‌ಮೈಂಡ್’ ಅಲ್ಲ. ನೆವರ್‌ಮೈಂಡ್‌ನಲ್ಲಿ (1991) ಪ್ರೊಡ್ಯೂಸರ್ ಬುಚ್ ವಿಗ್ ಅವ್ರು ಬ್ಯಾಂಡ್‌ನ ಹಾಡುಗಾರ ಕರ್ಟ್ ಕೊಬೇನ್ ಕೈಲಿ ಒಂದೇ ಸಾಲನ್ನ ಎರಡೆರಡು ಸಲ ಹಾಡಿಸಿ ಒಂದರ ಮೇಲೊಂದು ಕೂರಿಸಿದ್ರು, ಆಮೇಲೆ ಆಂಡಿ ವಾಲೆಸ್ ಮಿಕ್ಸ್ ಮಾಡೋವಾಗ (ಅಂದ್ರೆ ರೆಕಾರ್ಡ್ ಆದ ದನಿ, ವಾದ್ಯಗಳ್ನ ಹದವಾಗಿ ಬೆರೆಸೋವಾಗ) ಇನ್ನೂ ನುಣುಪಾಯ್ತು. ಕೋಟಿಗಟ್ಲೆ ಜನ ಕೊಂಡ್ರು ನಿಜ, ಆದ್ರೆ ಆ ನುಣುಪು ಕೊಬೇನ್‌ಗೆ ಕೊನೆಗೂ ಹಿಡಿಸ್ಲಿಲ್ಲ.

ಅದಕ್ಕೇ ಮುಂದಿನ ಆಲ್ಬಮ್ ‘ಇನ್ ಯುಟೆರೋ’ಗೆ ರೆಕಾರ್ಡಿಂಗ್ ಎಂಜಿನಿಯರ್ ಸ್ಟೀವ್ ಆಲ್ಬಿನಿ. ಕೊಬೇನ್ ತುಂಬಾ ಇಷ್ಟಪಡ್ತಿದ್ದ ಪಿಕ್ಸೀಸ್ ಬ್ಯಾಂಡ್‌ನ ‘ಸರ್ಫರ್ ರೋಸಾ’ (1988) ರೆಕಾರ್ಡ್ ಮಾಡಿದ್ದು ಇವ್ರೇ. 1993ರ ಫೆಬ್ರವರಿಲಿ ಮಿನ್ನೆಸೋಟದ ಕ್ಯಾನನ್ ಫಾಲ್ಸ್‌ನಲ್ಲಿರೋ ಪ್ಯಾಕಿಡರ್ಮ್ ಸ್ಟುಡಿಯೋಗೆ ಹೋಗಿ, ಸುಮಾರು ಎರಡೇ ವಾರದಲ್ಲಿ ರೆಕಾರ್ಡಿಂಗೂ ಮಿಕ್ಸಿಂಗೂ ಮುಗಿಸಿಬಿಟ್ರು. ಆಲ್ಬಿನಿ ಒಂದೇ ಸಲ 1 ಲಕ್ಷ ಡಾಲರ್ ಫೀಸ್ ತಗೊಂಡ್ರು, ರಾಯಲ್ಟಿ ಬೇಡವೇ ಬೇಡ ಅಂದ್ರು, ಯಾಕಂದ್ರೆ ಹಾಡು ಬ್ಯಾಂಡಿಂದು, ತನ್ನ ಕೆಲಸ ಅದನ್ನ ಇದ್ದ ಹಾಗೆ ಹಿಡಿಯೋದು ಅಷ್ಟೇ ಅಂತ. ಈ ಮಾತು ಬರೀ ಮಾತಲ್ಲ, ಡ್ರಮ್ಸ್‌ನಲ್ಲಿ ಕೇಳ್ಸುತ್ತೆ.

ಈ ಆಲ್ಬಮ್‌ನ ‘ಸೆಂಟ್‌ಲೆಸ್ ಅಪ್ರೆಂಟಿಸ್’ ಹಾಡು ಹಾಕಿ. ಶುರುನಲ್ಲಿ ಡೇವ್ ಗ್ರೋಲ್ ಒಬ್ರದ್ದೇ ಡ್ರಮ್ಸ್. ಒಂದೊಂದು ಏಟು ಬಿದ್ದ ಮೇಲೂ ಹಿಂದೆ ಏನೋ ಉಳಿಯುತ್ತಲ್ಲ, ಗೋಡೆಗೆ ತಾಗಿ ವಾಪಸ್ ಬರೋ ಸದ್ದು, ಅದು ರೂಮು! ಡ್ರಮ್ ಪಕ್ಕದಲ್ಲೇ ಇಟ್ಟ ಮೈಕ್ ಏಟನ್ನ ಹಿಡಿಯುತ್ತೆ, ದೂರ ಇಟ್ಟ ಮೈಕ್‌ಗೆ ಅದೇ ಏಟು ಸ್ವಲ್ಪ ತಡವಾಗಿ ತಲುಪುತ್ತೆ, ಒಂದು ಮೀಟರ್‌ಗೆ ಹತ್ರತ್ರ 3 ಮಿಲಿಸೆಕೆಂಡ್ ಲೆಕ್ಕ, ಎರಡನ್ನೂ ಸೇರಿಸಿದಾಗ ನಾವೇ ಆ ಕೋಣೇಲಿ ನಿಂತಿದೀವಿ ಅನ್ನಿಸುತ್ತೆ. ನಾನು ಎಷ್ಟೋ ದಿನ ಇದನ್ನ ರಿವರ್ಬ್ ಪ್ಲಗಿನ್‌ನಲ್ಲೇ (ಕೋಣೆಯ ಪ್ರತಿಧ್ವನಿ ಸೇರಿಸೋ ಸಾಫ್ಟ್‌ವೇರ್) ತರಬೇಕು ಅಂದ್ಕೊಂಡಿದ್ದೆ, ಮೈಕನ್ನ ನಾಲ್ಕು ಹೆಜ್ಜೆ ಹಿಂದಕ್ಕೆ ಇಟ್ಟು ನೋಡಿದ ದಿನ ಗೊತ್ತಾಯ್ತು.

ಅದಾದ್ಮೇಲೆ ‘ಡಂಬ್’ ಕೇಳಿ. ಕೆರಾ ಶೇಲಿ ಅವ್ರ ಚೆಲ್ಲೋ ಎಷ್ಟು ಮೆತ್ತಗೆ ಬರುತ್ತೆ ಅಂದ್ರೆ ಅದೇ ಆಲ್ಬಮ್ಮಾ ಅನ್ನಿಸುತ್ತೆ, ನನಗಂತೂ ಇಡೀ ಆಲ್ಬಮ್‌ನಲ್ಲಿ ಇದೇ ಹೆಚ್ಚು ಇಷ್ಟ.

ಇನ್ನು ಮಿಕ್ಸ್ ವಿಷ್ಯ. ಹಾಡೋ ದನಿ, ಬೇಸ್ ಗಿಟಾರ್ ಎರಡೂ ಸಾಕಷ್ಟು ಕೇಳ್ಸಲ್ಲ ಅಂತ ಆಮೇಲೆ ಬ್ಯಾಂಡ್‌ಗೂ ಅನುಮಾನ ಬಂತು, ಮಾಸ್ಟರಿಂಗ್‌ನಲ್ಲಿ (ಮಿಕ್ಸ್ ಆದ್ಮೇಲೆ ಬಿಡುಗಡೆಗೆ ಮುಂಚೆ ಸದ್ದನ್ನ ಕೊನೇ ಸಲ ತಿದ್ದೋದು) ಬಾಬ್ ಲಡ್ವಿಗ್ ಸರಿ ಮಾಡಿದ್ರು, ‘ಹಾರ್ಟ್ ಶೇಪ್ಡ್ ಬಾಕ್ಸ್’, ‘ಆಲ್ ಅಪಾಲಜೀಸ್’ ಎರಡನ್ನ ಸ್ಕಾಟ್ ಲಿಟ್ ಮತ್ತೆ ಮಿಕ್ಸ್ ಮಾಡಿದ್ರು. ಆಲ್ಬಿನಿ ಮಾಡಿದ್ದ ಮೂಲ ಮಿಕ್ಸ್‌ಗಳು 2013ರ ಇಪ್ಪತ್ತನೇ ವರ್ಷದ ಆವೃತ್ತಿಲಿ ಸಿಗುತ್ವೆ. ‘ಹಾರ್ಟ್ ಶೇಪ್ಡ್ ಬಾಕ್ಸ್’ದು ಎರಡೂ ಮಿಕ್ಸ್ ಹೆಡ್‌ಫೋನ್ ಹಾಕ್ಕೊಂಡು ಒಂದಾದ್ಮೇಲೊಂದು ಕೇಳಿ, ವಾಲ್ಯೂಮ್ ಎರಡಕ್ಕೂ ಒಂದೇ ಇರ್ಲಿ, ಕೊಬೇನ್ ದನಿ ಎಲ್ಲಿ ಮುಂದೆ ಬಂದು ನಿಲ್ಲುತ್ತೆ, ಎಲ್ಲಿ ಗಿಟಾರ್ ಜೊತೆಗೇ ಇರುತ್ತೆ ಅಂತ ನೋಟ್ ಮಾಡ್ಕೊಳ್ಳಿ.