ಹ್ಯಾಂಡ್‌ಹೆಲ್ಡ್ ಕಂಪ್ಯೂಟರ್: ಬ್ಯಾಟರಿಯ ಆರೈಕೆ, ವಿದ್ಯುತ್ ಉಳಿತಾಯ ಮತ್ತು ರೀಸೆಟ್

ಗೋದಾಮಿನಲ್ಲಿ ಕಾಫಿ ಚೀಲಗಳ ಬಾರ್‌ಕೋಡ್ ಓದಲು, ಮನೆಮನೆಗೆ ಹೋಗಿ ಸಮೀಕ್ಷೆಯ ವಿವರ ದಾಖಲಿಸಲು ಬಳಸುವ ಹ್ಯಾಂಡ್‌ಹೆಲ್ಡ್ ಕಂಪ್ಯೂಟರನ್ನು ಕೊಡಗಿನಲ್ಲಿ ಕಲಿಯುವವರು ಒಂದು ಸಂಗತಿಯನ್ನು ಮೊದಲೇ ಗಮನಿಸಬೇಕು. ನೆಟ್‌ವರ್ಕ್ ಸರಿಯಾಗಿ ಸಿಗದ ತೋಟದ ನಡುವೆ ಬ್ಯಾಟರಿ ಬೇಗ ಇಳಿಯುತ್ತದೆ. ಅದೇ ಕಾರಣಕ್ಕೆ ಸರ್ವರ್‌ಗೆ ಹೋಗಬೇಕಾದ ದಾಖಲೆಗಳೂ ಸಾಧನದಲ್ಲಿಯೇ ಉಳಿದುಬಿಡುತ್ತವೆ. ಸಾಧನವನ್ನು ರೀಸೆಟ್ ಮಾಡಿದರೆ, ಅಂದರೆ ಮೊದಲಿನ ಸ್ಥಿತಿಗೆ ತಂದರೆ, ಅವು ಅಳಿಸಿಹೋಗಬಹುದು. ಹೀಗಾಗಿ ಬ್ಯಾಟರಿ ಮತ್ತು ರೀಸೆಟ್‌ಗಳನ್ನು ಒಟ್ಟಿಗೆ ಓದುವುದೇ ಸರಿ.

ಈ ಸಾಧನಗಳಲ್ಲಿ ಸಾಮಾನ್ಯವಾಗಿ ಇರುವುದು ಲಿಥಿಯಂ-ಅಯಾನ್ ಬ್ಯಾಟರಿ. ಅದರ ಒಂದು ಕೋಶದ ಸರಾಸರಿ ವೋಲ್ಟೇಜ್ ಸುಮಾರು 3.7, ಪೂರ್ತಿ ಚಾರ್ಜ್ ಆದಾಗ ಸಾಮಾನ್ಯವಾಗಿ 4.2. ಹಳೆಯ ನಿಕ್ಕಲ್-ಕ್ಯಾಡ್ಮಿಯಂ ಬ್ಯಾಟರಿಗಳ ಕಾಲದಿಂದ ಬಂದ, ಪೂರ್ತಿ ಖಾಲಿಯಾದ ಮೇಲೆಯೇ ಚಾರ್ಜ್ ಮಾಡಬೇಕೆಂಬ ಸಲಹೆ ಇದಕ್ಕೆ ಸಲ್ಲುವುದಿಲ್ಲ. ಪದೇ ಪದೇ ತೀರಾ ಕೆಳಗಿಳಿಸಿದರೆ ಇದರ ಆಯುಷ್ಯ ಕಡಿಮೆಯಾಗುತ್ತದೆ. ಇದನ್ನು ಹೆಚ್ಚು ಕೆಡಿಸುವುದು ಶಾಖ. ಅನೇಕ ತಯಾರಕರು 0ರಿಂದ 40 ಡಿಗ್ರಿ ಸೆಲ್ಸಿಯಸ್ ನಡುವೆ ಮಾತ್ರ ಚಾರ್ಜ್ ಮಾಡಲು ಹೇಳುತ್ತಾರೆ. ಮಡಿಕೇರಿಯ ಚಳಿಯಿಂದ ಈ ಮಿತಿಗೆ ಧಕ್ಕೆಯಿಲ್ಲ, ಆದರೆ ಕಾಫಿ ಒಣಗಿಸುವ ಕಣದ ಬಿಸಿಲಿನಲ್ಲಿ ಅಥವಾ ಜೀಪಿನ ಡ್ಯಾಶ್‌ಬೋರ್ಡ್ ಮೇಲೆ ಬಿಟ್ಟ ಸಾಧನ ಅದನ್ನು ಸುಲಭವಾಗಿ ಮೀರುತ್ತದೆ. ಕೊಯ್ಲು ಮುಗಿದ ಮೇಲೆ ತಿಂಗಳುಗಟ್ಟಲೆ ಎತ್ತಿಡುವ ಬ್ಯಾಟರಿಗಳನ್ನು ಸುಮಾರು ಅರ್ಧ ಚಾರ್ಜಿನಲ್ಲಿ, ತಂಪಾದ ಒಣ ಜಾಗದಲ್ಲಿ ಇಟ್ಟು, ನಡುನಡುವೆ ಪರೀಕ್ಷಿಸಬೇಕು. ಮುಂಗಾರಿನಲ್ಲಿ ಲೋಹದ ಸಂಪರ್ಕ ಬಿಂದುಗಳ ಮೇಲೆ ತೇವ ಕೂರುವುದರಿಂದ, ಚಾರ್ಜಿಗೆ ಇಡುವ ಮೊದಲು ಒಣಬಟ್ಟೆಯಿಂದ ಒರೆಸುವ ರೂಢಿ ಬೆಳೆಸಿಕೊಳ್ಳಿ. ಉಬ್ಬಿದ ಬ್ಯಾಟರಿಯನ್ನು ಮತ್ತೆ ಬಳಸಲೇಬಾರದು, ಚುಚ್ಚಲೂಬಾರದು. ಅದು ಇ-ತ್ಯಾಜ್ಯ ಸಂಗ್ರಹಕ್ಕೆ ಹೋಗಬೇಕು.

ವಿದ್ಯುತ್ ಉಳಿಸಲು ಪರದೆಯ ಬೆಳಕು ತಗ್ಗಿಸುವುದು, ಬಳಸದಿದ್ದಾಗ ಪರದೆ ಬೇಗ ಆರುವಂತೆ ಮಾಡುವುದು ಎಲ್ಲರಿಗೂ ಗೊತ್ತು. ನಮ್ಮ ಗುಡ್ಡಗಾಡಿನಲ್ಲಿ ಅದಕ್ಕಿಂತ ಮುಖ್ಯವಾದುದು ಸಾಧನದೊಳಗಿನ ರೇಡಿಯೊ, ಅಂದರೆ ಟವರಿನೊಂದಿಗೆ ಸಂಪರ್ಕ ಬೆಳೆಸುವ ಭಾಗ. ಸಿಗ್ನಲ್ ಕ್ಷೀಣವಾದಷ್ಟೂ ಸಾಧನ ದೂರದ ಟವರನ್ನು ಮುಟ್ಟಲು ಹೆಚ್ಚು ಶಕ್ತಿಯಿಂದ ಪ್ರಸಾರ ಮಾಡುತ್ತದೆ. ಸಿಗ್ನಲ್ ಪೂರ್ತಿ ಹೋದರೆ ಮತ್ತೆ ಮತ್ತೆ ಹುಡುಕುತ್ತಲೇ ಇರುತ್ತದೆ. ಆದ್ದರಿಂದ ಭಾಗಮಂಡಲದ ಆಚೆಯ ಕಣಿವೆಗಳಂಥ ಜಾಗದಲ್ಲಿ ಏರ್‌ಪ್ಲೇನ್ ಮೋಡ್ ಹಾಕಿ ಆಫ್‌ಲೈನಿನಲ್ಲಿ ಕೆಲಸ ಮಾಡಿ, ಸಿಗ್ನಲ್ ಗಟ್ಟಿಯಾಗಿರುವ ಊರಿಗೆ ಬಂದ ಮೇಲೆ ಎಲ್ಲವನ್ನೂ ಒಮ್ಮೆಗೇ ಕಳುಹಿಸುವುದು ಉತ್ತಮ. ಜಿಪಿಎಸ್, ಬ್ಲೂಟೂತ್‌ಗಳನ್ನೂ ಬೇಕಾದಾಗ ಮಾತ್ರ ತೆರೆಯಬೇಕು.

ಸಾಧನ ಸ್ತಬ್ಧವಾದಾಗ ಮೊದಲು ಮಾಡಬೇಕಾದದ್ದು ಸಾಮಾನ್ಯ ರೀಸ್ಟಾರ್ಟ್. ಇದರಲ್ಲಿ ಉಳಿಸದೆ ಬಿಟ್ಟ ಕೆಲಸ ಮಾತ್ರ ಹೋಗುತ್ತದೆ, ಸಂಗ್ರಹಿಸಿದ ದಾಖಲೆ ಉಳಿಯುತ್ತದೆ. ಅದಕ್ಕೂ ಬಗ್ಗದಿದ್ದರೆ ತಯಾರಕರು ಹೇಳಿದ ಗುಂಡಿಗಳನ್ನು ಒತ್ತಿ ಹಿಡಿದು ಬಲವಂತದ ರೀಸ್ಟಾರ್ಟ್ ಮಾಡಬಹುದು. ಇಲ್ಲಿ ಸಾಧನದ ಕಾಲವನ್ನು ತಿಳಿದಿರಬೇಕು: ಪಾಕೆಟ್ ಪಿಸಿ 2003ರಂಥ ಹಳೆಯ ಕಾರ್ಯಾಚರಣಾ ವ್ಯವಸ್ಥೆಗಳು ಬಳಕೆದಾರರ ದತ್ತಾಂಶವನ್ನು, ವಿದ್ಯುತ್ ಇರುವವರೆಗೆ ಮಾತ್ರ ನೆನಪಿಡುವ ರ‍್ಯಾಮ್‌ನಲ್ಲಿಯೇ ಇಡುತ್ತಿದ್ದುದರಿಂದ, ಹಾರ್ಡ್ ರೀಸೆಟ್ (ಎಲ್ಲವನ್ನೂ ಅಳಿಸಿ ಮೊದಲಿನಿಂದ ಆರಂಭಿಸುವುದು) ಮಾಡಿದರೂ, ಬ್ಯಾಟರಿ ಪೂರ್ತಿ ಸತ್ತರೂ ಅದು ಅಳಿಸಿಹೋಗುತ್ತಿತ್ತು. 2005ರ ವಿಂಡೋಸ್ ಮೊಬೈಲ್ 5.0ರಿಂದ ಆ ದತ್ತಾಂಶ ವಿದ್ಯುತ್ ಹೋದರೂ ಉಳಿಸಿಕೊಳ್ಳುವ ಫ್ಲ್ಯಾಶ್ ಮೆಮೊರಿಗೆ ಬಂದಿತು. ಆಂಡ್ರಾಯ್ಡ್ ಸಾಧನಗಳಲ್ಲಿಯೂ ಚಾರ್ಜ್ ಮುಗಿದ ಮಾತ್ರಕ್ಕೆ ಉಳಿಸಿದ ದಾಖಲೆ ಅಳಿಯುವುದಿಲ್ಲ.

ಆದರೆ ಸಾಧನವನ್ನು ಕಾರ್ಖಾನೆಯಿಂದ ಬಂದ ಸ್ಥಿತಿಗೆ ತರುವ ಫ್ಯಾಕ್ಟರಿ ರೀಸೆಟ್ ಆ್ಯಪ್‌ಗಳನ್ನೂ ದಾಖಲೆಗಳನ್ನೂ ಅಳಿಸುತ್ತದೆ, ಆಮೇಲೆ ಹಳೆಯ ಗೂಗಲ್ ಖಾತೆಯ ಪಾಸ್‌ವರ್ಡ್ ಕೇಳಲೂಬಹುದು. ಆದ್ದರಿಂದ ಅದಕ್ಕೂ ಮೊದಲು ಕಳುಹಿಸದೆ ಉಳಿದ ದಾಖಲೆಗಳು ಒಂದೂ ಇಲ್ಲವೆಂದು ಆ್ಯಪ್‌ನಲ್ಲಿ ನೋಡಿ ಖಚಿತಪಡಿಸಿಕೊಳ್ಳಿ. ಮಳೆಗಾಲದಲ್ಲಿ ಕರೆಂಟ್ ಯಾವಾಗ ಹೋಗುತ್ತದೆಂದು ಹೇಳಲಾಗದು, ಹಾಗಾಗಿ ಬ್ಯಾಟರಿಯನ್ನು ಸಾಕಷ್ಟು ಚಾರ್ಜ್ ಮಾಡಿಕೊಂಡೇ ರೀಸೆಟ್‌ಗೆ ಕೈ ಹಾಕಿ. ಅದು ಮುಗಿದೊಡನೆ ದಿನಾಂಕ ಮತ್ತು ಸಮಯ ಸರಿಯಾಗಿದೆಯೇ ನೋಡಿ. ಅವು ತಪ್ಪಿದ್ದರೆ ಮುಂದೆ ಓದಿದ ಪ್ರತಿ ಚೀಲದ ಮೇಲೂ ತಪ್ಪು ವೇಳೆಯೇ ದಾಖಲಾಗುತ್ತದೆ.