ಮಹಿಳಾ ಗುರುದೀಕ್ಷೆ: ಮಾತಿಗೆ ಯಾವ ಕಲಂ, ಕೃತ್ಯಕ್ಕೆ ಯಾವ ಕಲಂ?

ಮಹಿಳೆಯರಿಗೂ ಗುರುದೀಕ್ಷೆ, ಅಂದರೆ ಪಾದ್ರಿಯಾಗುವ ದೀಕ್ಷೆ, ಸಿಗಬೇಕೆಂದು ಬಾಯಿಬಿಟ್ಟು ಹೇಳಿದ ಕ್ಯಾಥೊಲಿಕರಿಗೆ ಬಹಿಷ್ಕಾರ (ಸಂಸ್ಕಾರಗಳಿಂದ ಹೊರಗಿಡುವ ದಂಡನೆ) ತಾನಾಗಿ ತಗಲುತ್ತದೆಯೇ? ಇಲ್ಲ. ಧರ್ಮಕೇಂದ್ರದ (ಊರಿನ ಚರ್ಚಿನ) ಸಭೆಯಲ್ಲಿ ಯಾರಾದರೂ ಹಾಗೆಂದು ಹೆದರಿಸಿದರೆ, ಅವರು ಕ್ಯಾನನ್ ಕಾನೂನಿನ, ಅಂದರೆ ಕ್ಯಾಥೊಲಿಕ್ ಧರ್ಮಸಭೆಯ ಕಾನೂನು ಸಂಹಿತೆಯ, ಎರಡು ಬೇರೆ ಬೇರೆ ಕಲಂಗಳನ್ನು ಒಂದೇ ಮಾಡಿಬಿಟ್ಟಿದ್ದಾರೆ.

1379ನೇ ಕಲಂನ 3ನೇ ಉಪಕಲಂ ಕೃತ್ಯದ ಬಗ್ಗೆ ಮಾತಾಡುತ್ತದೆ. ಮಹಿಳೆಗೆ ದೀಕ್ಷೆ ಕೊಡಲು ಹೊರಟವರಿಗೂ ಪಡೆಯಲು ಹೊರಟವರಿಗೂ, ಯಾರೂ ಆದೇಶ ಹೊರಡಿಸದೆಯೇ, ಆ ಕ್ಷಣಕ್ಕೆ ಬಹಿಷ್ಕಾರ ತಗಲುತ್ತದೆ. ಅದನ್ನು ತೆಗೆಯುವ ಅಧಿಕಾರ ರೋಮ್‌ಗೆ, ಅಂದರೆ ಪೋಪರ ಆಡಳಿತಕ್ಕೆ, ಮೀಸಲು. ‘ಪವಿತ್ರ ದೀಕ್ಷೆ’ ಎಂದಿರುವುದರಿಂದ ಗುರುವಿಗಿಂತ ಕೆಳಗಿನ ದರ್ಜೆಯಾದ ಡೀಕನ್ ದೀಕ್ಷೆಯೂ ಇದರೊಳಗೇ ಬರುತ್ತದೆ. ಮಹಿಳಾ ಡೀಕನ್‌ಗಳ ಪ್ರಶ್ನೆ ಇನ್ನೂ ತೆರೆದಿದೆ ಎಂದು 2024ರ ಧರ್ಮಾಧ್ಯಕ್ಷರ (ಬಿಷಪರ) ಮಹಾಸಭೆ ಸಿನೊಡ್‌ನ ಅಂತಿಮ ದಾಖಲೆ ಹೇಳಿತು, ನಿಜ. ಪ್ರಶ್ನೆ ತೆರೆದ ಮಾತ್ರಕ್ಕೆ ಕಲಂ ಸಡಿಲವಾಗಲಿಲ್ಲ. ಎಡವುವವರು ಹೆಚ್ಚಾಗಿ ಇಲ್ಲೇ ಎಡವುತ್ತಾರೆ.

1365ನೇ ಕಲಂ ಬೇರೆ. ಅದು ಬೋಧನೆಯನ್ನು ಹಟ ಹಿಡಿದು ತಿರಸ್ಕರಿಸುವವರಿಗೆ. ಮಹಿಳೆಯರಿಗೆ ಗುರುದೀಕ್ಷೆ ಕೊಡುವ ಅಧಿಕಾರವೇ ಧರ್ಮಸಭೆಗಿಲ್ಲ, ಈ ತೀರ್ಮಾನವನ್ನು ವಿಶ್ವಾಸಿಗಳೆಲ್ಲರೂ ಅಂತಿಮವೆಂದು ಹಿಡಿಯಬೇಕು ಎಂದು 1994ರ ಮೇ 22ರಂದು ಪೋಪ್ ಎರಡನೇ ಜಾನ್ ಪೌಲ್ ಸಾರಿದರು. 1998ರಲ್ಲಿ ಇಂಥ ಅಂತಿಮ ಬೋಧನೆಗಳಿಗೆಂದೇ 750ನೇ ಕಲಂಗೆ ಎರಡನೇ ಉಪಕಲಂ ಸೇರಿತು. ಆದರೂ ಶಿಕ್ಷೆಗೆ ಮೊದಲು ರೋಮ್ ಅಥವಾ ಧರ್ಮಾಧ್ಯಕ್ಷರು ಎಚ್ಚರಿಸಿರಬೇಕು, ಎಚ್ಚರಿಸಿದ ಮೇಲೂ ವ್ಯಕ್ತಿ ಮಾತು ಹಿಂತೆಗೆದುಕೊಳ್ಳದಿರಬೇಕು. ವಾದ ಮನಸ್ಸಿಗೆ ಒಪ್ಪಿಗೆಯಾಗಲಿಲ್ಲ ಎನ್ನುವುದು, ಪ್ರಶ್ನೆ ಕೇಳುವುದು, ಧರ್ಮಾಧ್ಯಕ್ಷರಿಗೆ ಕಾಗದ ಬರೆಯುವುದು ಹಟವಲ್ಲ. ವಿಶ್ವಾಸಕ್ಕೂ ಗುರುಗಳ ಮೇಲಿನ ಗೌರವಕ್ಕೂ ಕುಂದು ಬಾರದಂತೆ ಅಭಿಪ್ರಾಯ ತಿಳಿಸುವುದನ್ನು 212ನೇ ಕಲಂ ಹಕ್ಕು ಎನ್ನುತ್ತದೆ, ಕೆಲವೊಮ್ಮೆ ಕರ್ತವ್ಯ ಎಂದೂ ಹೇಳುತ್ತದೆ. ಈ ಸಾಲನ್ನು ನಮ್ಮ ಜನರಿಗೆ ಓದಿ ಹೇಳುವವರು ತೀರಾ ಕಡಿಮೆ.

2002ರ ಜೂನ್ 29ರಂದು ಜರ್ಮನಿಯ ಪಾಸಾವ್ ಬಳಿ ಡ್ಯಾನ್ಯೂಬ್ ನದಿಯ ಹಡಗೊಂದರಲ್ಲಿ ಏಳು ಮಹಿಳೆಯರಿಗೆ ರೋಮ್‌ನಿಂದ ಬೇರ್ಪಟ್ಟಿದ್ದ ಅರ್ಜೆಂಟೀನಾದ ರೋಮುಲೊ ಬ್ರಾಸ್ಕಿ ದೀಕ್ಷೆ ಕೊಟ್ಟರು. ತಾನಾಗಿ ತಗಲುವ ದಂಡನೆ ಆಗ ಈ ಕೃತ್ಯಕ್ಕೆ ಇರಲಿಲ್ಲ. ಹಾಗಾಗಿ ರೋಮ್ ಜುಲೈ 10ರಂದು ಎಚ್ಚರಿಕೆ ಕೊಟ್ಟು, ಜುಲೈ 22ರ ಗಡುವು ಇಟ್ಟು, ಆಗಸ್ಟ್ 5ರಂದು ಬಹಿಷ್ಕರಿಸಿತು. ಜುಲೈ 22 ಮಗ್ದಲದ ಮರಿಯಳ ಹಬ್ಬ. ಪುನರುತ್ಥಾನದ ಸುದ್ದಿಯನ್ನು ಶಿಷ್ಯರಿಗೆ ಮುಟ್ಟಿಸಿದವಳ ದಿನವೇ ಗಡುವಾಯಿತಲ್ಲ ಎಂಬ ನೋವು ಆ ಕಾಗದ ಓದಿದಾಗಲೆಲ್ಲ ಮರುಕಳಿಸುತ್ತದೆ. ಮಹಿಳೆಯರ ಮನವಿಯನ್ನು ರೋಮ್ ಡಿಸೆಂಬರ್ 21ರಂದು ತಳ್ಳಿಹಾಕಿತು. ದಂಡನೆ ತಾನಾಗಿ ತಗಲುವಂತಾದದ್ದು 2007ರ ಡಿಸೆಂಬರ್ 19ರ ಆದೇಶದಿಂದ. 2021ರಲ್ಲಿ ತಿದ್ದಿದ ಸಂಹಿತೆ ಅದನ್ನು 1379ನೇ ಕಲಂನೊಳಗೆ ತಂದಿತು.

ಹಾಗಾದರೆ ಮನಸ್ಸಾಕ್ಷಿ? ಖಚಿತವಾದ ಮನಸ್ಸಾಕ್ಷಿಯ ತೀರ್ಪನ್ನು ಮೀರಕೂಡದು ಎಂದು ಕ್ಯಾಥೊಲಿಕ್ ಧರ್ಮೋಪದೇಶ ಗ್ರಂಥದ 1790ನೇ ಪರಿಚ್ಛೇದವೇ ಹೇಳುತ್ತದೆ; ಆ ತೀರ್ಪು ತಪ್ಪಾಗಿಯೂ ಇರಬಹುದು ಎಂದೂ ಸೇರಿಸುತ್ತದೆ. ಆದರೆ ದಂಡನೆಯನ್ನು ತಪ್ಪಿಸುವ, ತಗ್ಗಿಸುವ ಕಾರಣಗಳನ್ನು ಎಣಿಸುವ 1323 ಮತ್ತು 1324ನೇ ಕಲಂಗಳಲ್ಲಿ ಮನಸ್ಸಾಕ್ಷಿಯ ಹೆಸರಿಲ್ಲ. 16 ವರ್ಷ ತುಂಬದಿರುವುದು, ಭಯ, ತನ್ನ ತಪ್ಪಿಲ್ಲದ ಅಜ್ಞಾನ ಇವೆಲ್ಲ ಇವೆ. ಅಮೆರಿಕದ ಮೇರಿನೋಲ್ ಸಂಘದ ಗುರು ರಾಯ್ ಬುರ್ಜ್ವಾ 2008ರಲ್ಲಿ ಕೆಂಟಕಿಯ ಲೆಕ್ಸಿಂಗ್ಟನ್‌ನಲ್ಲಿ ನಡೆದ ಮಹಿಳೆಯೊಬ್ಬರ ದೀಕ್ಷೆಯಲ್ಲಿ ಪಾಲ್ಗೊಂಡರು. ಮಹಿಳಾ ದೀಕ್ಷೆಯ ಪರವಾಗಿ ಆಡಿದ ಮಾತು ಹಿಂತೆಗೆದುಕೊಳ್ಳಲು ರೋಮ್ 30 ದಿನ ಕೊಟ್ಟಿತು. ಮನಸ್ಸಾಕ್ಷಿ ಒಪ್ಪದು ಎಂದು ಅವರು ಉತ್ತರ ಬರೆದರು. 2012ರಲ್ಲಿ ಗುರುಪದವಿ ಹೋಯಿತು. ದೇವರ ಮುಂದಿನ ಲೆಕ್ಕ ಬೇರೆ, ಕಾನೂನಿನ ಲೆಕ್ಕ ಬೇರೆ. ಭಿನ್ನಮತದ ಹಾದಿ ಹಿಡಿಯುವವರಿಗೆ ಇದನ್ನು ಮೊದಲೇ ಹೇಳದಿರುವುದು ಅನ್ಯಾಯ.

ಧರ್ಮಾಧ್ಯಕ್ಷರು ಲಿಖಿತವಾಗಿ ಶಿಕ್ಷೆ ವಿಧಿಸಿದರೆ ಆದೇಶ ಕೈಸೇರಿದ ದಿನಾಂಕವನ್ನು ಅದರ ಮೇಲೆಯೇ ಬರೆದಿಡಿ. ಅಲ್ಲಿಂದ 10 ದಿನದೊಳಗೆ, ಆದೇಶ ಹಿಂಪಡೆಯಿರಿ ಎಂದು ಅವರಿಗೇ ಲಿಖಿತ ಮನವಿ ಕೊಡಬೇಕು. ಅವರಿಗೆ 30 ದಿನ ಕಾಲಾವಕಾಶ. ಉತ್ತರ ಸರಿಹೋಗದಿದ್ದರೆ, ಅಥವಾ ಬರಲೇ ಇಲ್ಲವೆಂದರೆ, ಮುಂದಿನ 15 ದಿನದಲ್ಲಿ ರೋಮ್‌ಗೆ ಮೇಲ್ಮನವಿ. ಮೇಲ್ಮನವಿ ಇತ್ಯರ್ಥವಾಗುವವರೆಗೆ ಶಿಕ್ಷೆಗೆ ತಡೆ ಇರುತ್ತದೆ ಎಂದು 1353ನೇ ಕಲಂ ಹೇಳುತ್ತದೆ. ಫೋನಿನಲ್ಲಿ ಅಳಲು ತೋಡಿಕೊಳ್ಳುತ್ತಲೋ ಪತ್ರಿಕೆಗೆ ಹೇಳಿಕೆ ಕೊಡುತ್ತಲೋ ಮೊದಲ 10 ದಿನ ಕಳೆದವರಿಗೆ ಈ ತಡೆ ಸಿಗುವುದಿಲ್ಲ.