ಸಂಬಳವಿಲ್ಲದ ಸ್ಟುಡಿಯೋ ಇಂಟರ್ನ್‌ಶಿಪ್‌ಗೆ ಹೋಗಬೇಕೆ?

ಪ್ರಶ್ನೆ: ಸೌಂಡ್ ಎಂಜಿನಿಯರಿಂಗ್ ಕೋರ್ಸ್ ಮುಗಿಸಿದ್ದೇನೆ. ಮೈಕು, ಲ್ಯಾಪ್‌ಟಾಪ್ ಎಲ್ಲ ಮನೆಯಲ್ಲೇ ಇವೆ. ಬೆಂಗಳೂರಿನ ರೆಕಾರ್ಡಿಂಗ್ ಸ್ಟುಡಿಯೋ ಒಂದು ಮೂರು ತಿಂಗಳ ಇಂಟರ್ನ್‌ಶಿಪ್‌ಗೆ ಕರೆದಿದೆ. ಸಂಬಳವಿಲ್ಲ. ಹೋಗಲೇ?

ಉತ್ತರ: ರೆಕಾರ್ಡಿಂಗ್ ನಡೆಯುವಾಗ ಕಂಟ್ರೋಲ್ ರೂಮಿನಲ್ಲಿ, ಅಂದರೆ ಗಾಜಿನ ಈಚೆ ಎಂಜಿನಿಯರ್ ಕೂರುವ ಕೋಣೆಯಲ್ಲಿ, ಕೂರಲು ಬಿಡುತ್ತಾರೆಯೇ ಎಂದು ಮೊದಲು ಕೇಳಿ. ಬಿಡುವುದಾದರೆ ಹೋಗಿ.

ಮಿಕ್ಸಿಂಗ್, ಅಂದರೆ ಮುದ್ರಿಸಿದ ದನಿಗಳನ್ನು ಹದವಾಗಿ ಬೆರೆಸುವುದನ್ನು, ಮನೆಯಲ್ಲೇ ಕಲಿಯಬಹುದು. ಗಂಟೆ ಲೆಕ್ಕದಲ್ಲಿ ಬಾಡಿಗೆ ಓಡುತ್ತಿರುವಾಗ, ಗಾಜಿನಾಚೆ ಗಾಯಕರು ಕಾಯುತ್ತಿರುವಾಗ ಮಾಡುವ ಕೆಲಸಕ್ಕೆ ಮನೆಯಲ್ಲಿ ಅಭ್ಯಾಸವಿಲ್ಲ. ಅವರು ಬರುವ ಅರ್ಧ ಗಂಟೆ ಮೊದಲೇ ಸ್ಟ್ಯಾಂಡು, ಪಾಪ್ ಫಿಲ್ಟರ್ (ಉಸಿರಿನ ಹೊಡೆತ ತಡೆಯಲು ಮೈಕಿನ ಮುಂದಿಡುವ ಪರದೆ), ಸಾಹಿತ್ಯದ ಹಾಳೆ, ಪೆನ್ಸಿಲ್, ನೀರು ಸಿದ್ಧವಿರಬೇಕು. ಕಂಡೆನ್ಸರ್ ಮೈಕಿಗೆ ಸಾಮಾನ್ಯವಾಗಿ 48 ವೋಲ್ಟ್ ಫ್ಯಾಂಟಮ್ ಪವರ್, ಅಂದರೆ ಮೈಕಿನ ಕೇಬಲ್ಲಿನಲ್ಲೇ ಹೋಗುವ ವಿದ್ಯುತ್, ಬೇಕು. ಮೊದಲು ಹೆಡ್‌ಫೋನಿನ ದನಿ ತಗ್ಗಿಸಿ, ಕೇಬಲ್ ಸಿಕ್ಕಿಸಿ, ಆಮೇಲೆ ಪವರ್ ಕೊಡಬೇಕು. ಕ್ರಮ ತಪ್ಪಿದರೆ ಹೆಡ್‌ಫೋನ್ ಹಾಕಿದವರ ಕಿವಿಗೆ ಢಬ್ ಎಂದು ಬಡಿಯುತ್ತದೆ. ತೆಳು ಲೋಹದ ಪಟ್ಟಿಯಿಂದ ದನಿ ಹಿಡಿಯುವ ಹಳೆಯ ರಿಬ್ಬನ್ ಮೈಕಾದರೆ, ಈ ಪವರ್ ಹೋಗಿ ಕೇಬಲ್ ದೋಷವೂ ಸೇರಿಕೊಂಡಾಗ ರಿಬ್ಬನ್ನೇ ಹರಿದುಹೋದೀತು.

ತಾಳ ತಪ್ಪದಿರಲು ಹಾಡುವವರ ಹೆಡ್‌ಫೋನಿಗೆ ಕೊಡುವ ಸದ್ದೇ ಕ್ಲಿಕ್. ಜೋರಾಗಿಟ್ಟರೆ ಅದು ಹೆಡ್‌ಫೋನಿನಿಂದ ಸೋರಿ ಮೈಕಿಗೆ ಸೇರುತ್ತದೆ. ವಾದ್ಯಗಳ ಗದ್ದಲದಲ್ಲಿ ಯಾರಿಗೂ ಕೇಳುವುದಿಲ್ಲ. ಹಾಡಿನ ಕೊನೆಯಲ್ಲಿ ಗಾಯಕಿ ಒಬ್ಬರೇ ಸ್ವರ ಎಳೆದು ನಿಲ್ಲಿಸುವಾಗ ಟಕ್ ಟಕ್ ಎಂದು ಎದ್ದು ಬರುತ್ತದೆ. ಅಂಥ ಕಡೆ ಕ್ಲಿಕ್ ಮೊದಲೇ ತಗ್ಗಿಸುವುದು ಸಹಾಯಕನ ಕೆಲಸ. ಪ್ರತಿ ಸಲ ಹಾಡಿದ್ದು (ಟೇಕ್) ಹೇಗಿತ್ತೆಂದು ಗುರುತಿಸುವ ಟೇಕ್ ಶೀಟ್ ಬರೆಯುವುದೂ ಅಷ್ಟೆ. 'ಪಲ್ಲವಿ, ಎರಡನೇ ಸಾಲು, ಮೂರನೇ ಟೇಕ್ ಚೆನ್ನ. ನಾಲ್ಕರಲ್ಲಿ ಉಸಿರು' ಎಂದು ಆಗಲೇ ಗುರುತು ಹಾಕಿದ್ದರೆ ಎಡಿಟ್ ಬೇಗ ಮುಗಿಯುತ್ತದೆ. ನಮ್ಮ ಪ್ರಕಾರ ಇಂಟರ್ನ್ ಒಬ್ಬನನ್ನು ಮತ್ತೆ ಕರೆಸುವುದು ಇದೇ ಹಾಳೆ, ಅವನ ಪ್ಲಗಿನ್ (ದನಿ ತಿದ್ದುವ ಸಾಫ್ಟ್‌ವೇರ್) ಜ್ಞಾನವಲ್ಲ.

ಫೈಲು ಕಳಿಸುವ ಶಿಸ್ತೂ ಇಲ್ಲೇ ಬರುವುದು. ಸಿನಿಮಾಕ್ಕೆ ಸಾಮಾನ್ಯವಾಗಿ 48 ಕಿಲೊಹರ್ಟ್ಸ್ (ಸೆಕೆಂಡಿಗೆ 48,000 ಸಲ ದನಿಯ ಅಳತೆ), 24 ಬಿಟ್ (ಪ್ರತಿ ಅಳತೆಯ ಸೂಕ್ಷ್ಮತೆ). ಅದನ್ನು ಪರಿವರ್ತಿಸದೆ 44.1ರಲ್ಲಿ ನುಡಿಸಿದರೆ ಹಾಡು ಶೇ. 8ರಷ್ಟು ನಿಧಾನವಾಗಿ, ಶ್ರುತಿ ಸುಮಾರು ಒಂದೂವರೆ ಸ್ವರಸ್ಥಾನ ಇಳಿಯುತ್ತದೆ. ಎಲ್ಲ ಟ್ರ್ಯಾಕ್‌ಗಳೂ (ಒಂದೊಂದು ವಾದ್ಯದ, ದನಿಯ ಫೈಲುಗಳು) ಒಂದೇ ಬಿಂದುವಿನಿಂದ ಶುರುವಾಗಬೇಕು. ಹೆಸರಿನಲ್ಲೇ ಹಾಡು, ವಾದ್ಯ, ಬಿಪಿಎಂ (ನಿಮಿಷಕ್ಕೆ ಎಷ್ಟು ಬಡಿತ) ಇರಬೇಕು. ಇಲ್ಲದಿದ್ದರೆ ಮಿಕ್ಸ್ ಮಾಡುವವರು ಕೊಳಲಿನ ತುಣುಕನ್ನು ಎಲ್ಲಿ ಕೂರಿಸಬೇಕೆಂದು ಹುಡುಕುತ್ತ ಕೂರುತ್ತಾರೆ.

ಹಾಡಿನ ಕಾಗದಪತ್ರದ ಕೆಲಸ ಸಿಕ್ಕರೆ ಬಿಡಬೇಡಿ. ಸಾಹಿತಿ ಯಾರು, ಸಂಗೀತ ಯಾರದು, ಪಾಲು ಎಷ್ಟು, ಧ್ವನಿಮುದ್ರಣವನ್ನು ಗುರುತಿಸುವ 12 ಅಕ್ಷರ-ಅಂಕಿಗಳ ಐಎಸ್‌ಆರ್‌ಸಿ ಸಂಖ್ಯೆ ಯಾವುದು ಎಂಬ ಪಟ್ಟಿ ಅದು. 2012ರ ಕೃತಿಸ್ವಾಮ್ಯ ತಿದ್ದುಪಡಿಯ ನಂತರ ಸಿನಿಮಾ ಹಾಡು ಚಿತ್ರಮಂದಿರದಾಚೆ ಬಳಕೆಯಾದಾಗ ಸಾಹಿತಿ, ಸಂಗೀತ ನಿರ್ದೇಶಕರಿಗೆ ರಾಯಧನದ ಹಕ್ಕಿದೆ. ಅದನ್ನು ನಿರ್ಮಾಪಕರಿಗೆ ಬರೆದುಕೊಡಲಾಗದು. ಹೆಸರಿನ ಕಾಗುಣಿತ ತಪ್ಪಿದರೂ ಆ ಹಣ ಯಾರ ಖಾತೆಗೂ ಸೇರದೆ ಉಳಿಯಬಹುದು.

ಇನ್ನು ದುಡ್ಡು. ಬಸ್ಸು, ಊಟದ ಖರ್ಚನ್ನಾದರೂ ಕೇಳಿ, ಕೇಳುವುದರಲ್ಲಿ ಸಂಕೋಚವೇನಿಲ್ಲ. ದಿನ, ಸಮಯ, ಮುಗಿಯುವ ತಾರೀಖು, ಹಾಡಿನಲ್ಲಿ ಸಹಾಯಕನೆಂದು ಹೆಸರು ಹಾಕುತ್ತಾರೋ ಇಲ್ಲವೋ ಎಲ್ಲವೂ ಇಮೇಲಿನಲ್ಲಿರಲಿ. ಕೇಬಲ್ ಸುತ್ತುವುದು, ಚಹಾ ತರುವುದು ಮೊದಲ ವಾರಗಳಲ್ಲಿ ಇದ್ದದ್ದೇ. ಆರು ವಾರವಾದರೂ ಅಷ್ಟೇ ಆಗಿದ್ದರೆ ಬಿಟ್ಟುಬನ್ನಿ. ಬಿಡುಗಡೆಯಾಗದ ಹಾಡಿನ ತುಣುಕನ್ನು ಮಾತ್ರ ಫೋನಿಗೆ ಹಾಕಿಕೊಳ್ಳಬೇಡಿ. ಗೆಳೆಯನಿಗೆ ಕೇಳಿಸುವುದಕ್ಕೂ ಬೇಡ.